ರಿಜೈನ್ ಲೆಟರ್‌ಗೆ ಸಹಿ ಹಾಕೋ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳದ್ದೇ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದೀರಿ, ಹಾಕಿಲ್ಲ. ಊರು ಮಾತ್ರ ಇದೆ. ಉದ್ದದ ಪತ್ರಗಳನ್ನು ಸ್ವಲ್ಪ ಕತ್ತರಿಸಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಅಕ್ಕಾ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸೇರಿ ನಾಲ್ಕು ವರ್ಷ ಎರಡು ತಿಂಗಳಾಯಿತು. ಈಗ ಐದು ತಿಂಗಳು ಬಸುರಿ. ಟಾರ್ಗೆಟ್ ಮುಟ್ಟುತ್ತಿಲ್ಲ ಅಂತ ಸೂಪರ್‌ವೈಸರ್ ದಿನಾ ಕೂಗಾಡ್ತಾರೆ. ಮೊನ್ನೆ ಎಚ್‌ಆರ್‌ನವರು ಕರೆದು "ರಿಜೈನ್ ಮಾಡಮ್ಮ, ಪಿಎಫ್ ದುಡ್ಡು ತಗೋ, ಮಗು ಆದ ಮೇಲೆ ಬಾ, ಮತ್ತೆ ಸೇರಿಸ್ಕೋತೀವಿ" ಅಂದರು. ನಮ್ಮ ಯಜಮಾನರೂ ಒಟ್ಟಿಗೆ ದುಡ್ಡು ಬರುತ್ತಲ್ಲ, ಒಳ್ಳೇದೇ ಅಂತಿದ್ದಾರೆ. ಏನು ಮಾಡಲಿ?
– ಪೀಣ್ಯ, ಬೆಂಗಳೂರು

ಸಹಿ ಹಾಕಬೇಡ ತಂಗಿ. ಮೊದಲ ಮಾತೂ ಅದೇ, ಕೊನೆ ಮಾತೂ ಅದೇ. ಈಗ ಯಾಕೆ ಅಂತ ಹೇಳ್ತೀನಿ.

ನಿನ್ನ ಸಂಬಳದಿಂದ ತಿಂಗಳು ತಿಂಗಳು ಇಎಸ್‌ಐಗೆ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಗೆ, ಹಿಡಿಯುತ್ತಾರಲ್ವಾ? ಪೇ ಸ್ಲಿಪ್ ತೆಗೆದು ನೋಡು. ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರು ಇಎಸ್‌ಐಗೆ ಸೇರುತ್ತಾರೆ. ಇಎಸ್‌ಐ ಇದ್ದರೆ ಹೆರಿಗೆ ರಜೆಯ ದುಡ್ಡು ಕೊಡೋದು ಕಂಪನಿ ಅಲ್ಲ, ಇಎಸ್‌ಐ. ಮೊದಲ ಎರಡು ಮಕ್ಕಳಿಗೆ 26 ವಾರ, ಪೂರ್ತಿ ಕೂಲಿ ಲೆಕ್ಕದಲ್ಲಿ. ಹಿಂದಿನ ಎರಡು ವಂತಿಗೆ ಅವಧಿಯಲ್ಲಿ, ಅಂದರೆ ಸುಮಾರು ಒಂದು ವರ್ಷದಲ್ಲಿ, 70 ದಿನದ ವಂತಿಗೆ ಕಟ್ಟಿರಬೇಕು ಅಷ್ಟೇ. ನೀನು ನಾಲ್ಕು ವರ್ಷದಿಂದ ಕಟ್ಟುತ್ತಿದ್ದೀಯ.

ಹಾಗಾದರೆ ಕಂಪನಿಗೆ ಏನು ಕಷ್ಟ ಅಂತ ನೀನು ಕೇಳಬಹುದು. ನಿನಗೆ ಕೊಡುವ ರಜೆ ದುಡ್ಡು ಅವರ ಜೇಬಿನದಲ್ಲ. ಅವರ ತಲೆನೋವು ಬೇರೆ. ಲೈನ್‌ನಲ್ಲಿ ಒಂದು ಮಿಷನ್ ನಿಧಾನವಾದರೆ ಮುಂದಿನ ಮಿಷನ್‌ಗೆ ಪೀಸ್ ಹೋಗಲ್ಲ, ಗಂಟೆಯ ಲೆಕ್ಕ ಬೋರ್ಡಿನ ಮೇಲೆ ಕಡಿಮೆ ಬೀಳುತ್ತೆ, ಸೂಪರ್‌ವೈಸರ್ ಫ್ಲೋರ್ ಇನ್‌ಚಾರ್ಜ್ ಕೈಲಿ ಬೈಸಿಕೊಳ್ಳುತ್ತಾನೆ, ಆ ಬೈಗುಳ ಅಲ್ಲಿಂದ ಇಳಿದು ಬಂದು ನಿನ್ನ ಮೇಲೆ ಬೀಳುತ್ತೆ. ಇನ್ನೊಂದು ವಿಷಯವನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡುಗಂಟು. ಅದು ಸಿಗಬೇಕಾದರೆ ಐದು ವರ್ಷ ಬಿಡದೆ ಕೆಲಸ ಮಾಡಿರಬೇಕು. ನೀನು ರಜೆಗೆ ಹೋಗುವಾಗ ನಾಲ್ಕು ವರ್ಷ ನಾಲ್ಕು ತಿಂಗಳಾಗಿರುತ್ತೆ. 26 ವಾರದ ಹೆರಿಗೆ ರಜೆ ಸರ್ವಿಸ್‌ಗೇ ಸೇರುತ್ತೆ, ಅದು ಬ್ರೇಕ್ ಅಲ್ಲ. ವಾಪಸ್ ಬಂದು ಎರಡು ತಿಂಗಳಿಗೆ ನಿನಗೆ ಐದು ವರ್ಷ ತುಂಬುತ್ತೆ. ಈಗ ರಿಜೈನ್ ಮಾಡಿ ಮತ್ತೆ ಸೇರಿದರೆ? ಹೊಸ ನಂಬರ್, ಹೊಸ ಕಾರ್ಡ್, ಮತ್ತೆ ಒಂದರಿಂದ ಎಣಿಕೆ. ಮಗು ಆದ ಮೇಲೆ ಸೇರಿಸ್ಕೋತೀವಿ ಅನ್ನೋದನ್ನ ಬರೆದು ಕೊಡ್ತಾರಾ ಕೇಳಿ ನೋಡು. ಕೊಡಲ್ಲ.

ನಿಮ್ಮ ಯಜಮಾನರಿಗೆ ಲೆಕ್ಕ ಹಾಕಿ ತೋರಿಸು. ಸಂಬಳ 13 ಸಾವಿರ ಅಂದುಕೊಳ್ಳೋಣ. ಆರು ತಿಂಗಳಿಗೆ ಇಎಸ್‌ಐನಿಂದ ಹತ್ತಿರ ಹತ್ತಿರ 78 ಸಾವಿರ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಸುಮಾರು 37 ಸಾವಿರ, ವರ್ಷಕ್ಕೆ 15 ದಿನದ ಕೂಲಿ ಲೆಕ್ಕದಲ್ಲಿ. ಇಷ್ಟನ್ನೂ ಬಿಟ್ಟು, ನಿನ್ನದೇ ಪಿಎಫ್ ದುಡ್ಡನ್ನ ಅವರು ಏನೋ ಉಡುಗೊರೆ ಕೊಡೋ ಥರ ಮುಂದಿಡುತ್ತಿದ್ದಾರೆ. ಪಿಎಫ್ ನಿನ್ನದು, ಅದೆಲ್ಲಿಗೂ ಓಡಿಹೋಗಲ್ಲ.

ಪಿಎಫ್ ಅಂದಾಗ ನೆನಪಾಯಿತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ತಂದಿದ್ದಕ್ಕೆ, 2016ರ ಏಪ್ರಿಲ್‌ನಲ್ಲಿ ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಿಷನ್ ಬಿಟ್ಟು ರಸ್ತೆಗೆ ಇಳಿದಿದ್ದರು. ದೊಡ್ಡ ನಾಯಕರು ಯಾರೂ ಮುಂದೆ ಇರಲಿಲ್ಲ. ಎರಡೇ ದಿನಕ್ಕೆ ದೆಹಲಿ ಆ ನಿಯಮ ವಾಪಸ್ ತಗೊಂಡಿತು. ಈಗಲೂ ಗಾರ್ಮೆಂಟ್ಸ್ ಹುಡುಗಿಯರು ಅಂದರೆ ಏನೂ ಗೊತ್ತಿಲ್ಲದವರು ಅಂದ್ಕೊಳ್ಳುವ ಎಚ್‌ಆರ್‌ಗಳನ್ನು ಕಂಡರೆ ನನಗೆ ನಗು ಬರುತ್ತೆ.

ಈಗ ಮಾಡಬೇಕಾದ್ದು ಹೇಳ್ತೀನಿ. ಇಎಸ್‌ಐ ಡಾಕ್ಟರ್ ಹತ್ತಿರ ಹೋಗಿ ಹೆರಿಗೆ ದಿನಾಂಕ ಬರೆಸಿಕೊಂಡು ಬಾ. ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆ: ನಾನು ಬಸುರಿ, ಹೆರಿಗೆ ಇಂಥ ದಿನ, ಇಂಥ ದಿನದಿಂದ ಹೆರಿಗೆ ರಜೆ ಬೇಕು, ರಜೆ ಮುಗಿಸಿ ಇದೇ ಕೆಲಸಕ್ಕೆ ಬರುತ್ತೇನೆ. ಎರಡು ಪ್ರತಿ ಮಾಡು. ಒಂದು ಎಚ್‌ಆರ್‌ಗೆ, ಇನ್ನೊಂದರ ಮೇಲೆ ಅವರ ಸೀಲು ಸಹಿ ಹಾಕಿಸಿಕೋ. ತಗೊಳ್ಳಲ್ಲ ಅಂದರೆ ಜಗಳ ಬೇಡ, ಅದೇ ಸಂಜೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೋ. ಹೆರಿಗೆಗೆ ಎಂಟು ವಾರ ಇರುವಾಗಿನಿಂದ ರಜೆ ತಗೋಬಹುದು. ಆ ರಜೆಯಲ್ಲಿ ಇರುವಾಗ ಕೆಲಸದಿಂದ ತೆಗೆಯೋ ಹಾಗಿಲ್ಲ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ಲ, ಹಳೇ ಕಾನೂನೆಲ್ಲ ಹೋಯ್ತು ಅಂತ ಯಾರಾದರೂ ಹೆದರಿಸಿದರೆ ನಂಬಬೇಡ. 26 ವಾರ ಅದರಲ್ಲೂ ಇದೆ.

ಮತ್ತೆ ಕರೆದು ಕೂರಿಸಿ ಪೇಪರ್ ಮುಂದಿಟ್ಟರೆ "ಮನೇಲಿ ಕೇಳಿ ಹೇಳ್ತೀನಿ ಸರ್" ಅಂತ ಎದ್ದು ಬಾ. ಖಾಲಿ ಹಾಳೆಗಂತೂ ಯಾವತ್ತೂ ಸಹಿ ಬೇಡ.

ಮೇಡಂ, ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ನಮ್ಮ ಟೀಮಿನ ಒಬ್ಬರು ಹೆರಿಗೆ ರಜೆ ಮುಗಿಸಿ ಬಂದರು. ಚಿಕ್ಕ ಮಗು, ಪಾಪ ಅಂತ ಕ್ಲೈಂಟ್ ಕಾಲ್‌ಗಳಿಂದ ತೆಗೆದು ಟೆಸ್ಟಿಂಗ್ ಡಾಕ್ಯುಮೆಂಟ್ ಕೆಲಸ ಕೊಟ್ಟೆ. ಥ್ಯಾಂಕ್ಸ್ ಹೇಳೋದು ಬಿಟ್ಟು ನನ್ನ ಜೊತೆ ಮಾತೇ ನಿಲ್ಲಿಸಿದ್ದಾರೆ. ಒಳ್ಳೆಯದು ಮಾಡಿದ್ದೂ ತಪ್ಪಾ?
– ವೈಟ್‌ಫೀಲ್ಡ್, ಬೆಂಗಳೂರು

ನೀವು ಒಳ್ಳೆಯವರೇ ಸ್ವಾಮಿ, ಅನುಮಾನ ಇಲ್ಲ. ಆದರೆ ಅವರನ್ನ ಕೇಳಿದಿರಾ? ಪತ್ರ ಎರಡು ಸಲ ಓದಿದೆ, ಕೇಳಿದ ಸುದ್ದಿ ಎಲ್ಲೂ ಇಲ್ಲ.

ಮಾರ್ಚ್‌ನಲ್ಲಿ ಅಪ್ರೈಸಲ್ ಬರುತ್ತಲ್ಲ, ಆಗ ಏನಾಗುತ್ತೆ ಅಂತ ನೀವೇ ಯೋಚಿಸಿ. ಕ್ಲೈಂಟ್ ಜೊತೆ ಮಾತಾಡಿದವರಿಗೆ, ರಾತ್ರಿ ಪ್ರೊಡಕ್ಷನ್ ಇಶ್ಯೂ ಬಿಡಿಸಿದವರಿಗೆ ಒಳ್ಳೆ ರೇಟಿಂಗ್. ಡಾಕ್ಯುಮೆಂಟ್ ಬರೆದವರಿಗೆ "ಪರವಾಗಿಲ್ಲ". ವರ್ಷದಲ್ಲಿ ಆರು ತಿಂಗಳು ಇರಲಿಲ್ಲ ಅನ್ನೋದು ಬೇರೆ ಸೇರಿಕೊಳ್ಳುತ್ತೆ. ಮುಂದಿನ ವರ್ಷ ಪ್ರಮೋಷನ್ ಪಟ್ಟಿಯಲ್ಲಿ ಅವರ ಹೆಸರು ಇರಲ್ಲ, ಅದಕ್ಕೆ ಕಾರಣ ಯಾರು ಅಂತ ಕೇಳಿದರೆ ಯಾರೂ ಅಲ್ಲ. ನೀವು ಪಾಪ ಅಂದಿರಿ, ಸಿಸ್ಟಮ್ ರೇಟಿಂಗ್ ಹಾಕಿತು, ಅಷ್ಟೇ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದು ಕ್ಲಾಡಿಯಾ ಗೋಲ್ಡಿನ್ ಅವರಿಗೆ. ಅಮೆರಿಕದ ಇನ್ನೂರು ವರ್ಷಗಳ ಲೆಕ್ಕ ಕೆದಕಿ ಅವರು ತೋರಿಸಿದ್ದು ಇದನ್ನೇ: ಒಂದೇ ಕೆಲಸದಲ್ಲಿರುವ ಗಂಡಸು ಹೆಂಗಸಿನ ಸಂಬಳದ ಅಂತರ ದೊಡ್ಡದಾಗೋದು ಬಹುಪಾಲು ಮೊದಲ ಮಗು ಹುಟ್ಟಿದ ಮೇಲೆ. ಅಮೆರಿಕದ ಮಾತು ಇಲ್ಲಿಗ್ಯಾಕೆ ಅನ್ನಬೇಡಿ, ನಿಮ್ಮ ಕ್ಲೈಂಟ್ ಎಲ್ಲಿಯವರು?

ನಾಳೆ ಹೋಗಿ ನೇರವಾಗಿ ಕೇಳಿ. ಯಾವ ಕೆಲಸ ಬೇಕು, ಯಾವ ಹೊತ್ತು ಆಗಲ್ಲ, ಅಷ್ಟೇ. ಬಹುಶಃ ರಾತ್ರಿ ಒಂಬತ್ತರ ಕಾಲ್ ಆಗಲ್ಲ, ಸಂಜೆ ಆರೂವರೆದು ಆಗುತ್ತೆ ಅಂತಾರೆ. ಕ್ಲೈಂಟ್‌ಗೆ ಹೇಳಿ ಹೊತ್ತು ಬದಲಿಸೋದು ಟೀಮ್ ಲೀಡ್ ಆಗಿ ನಿಮ್ಮ ಕೆಲಸ. ಹಾಂ, 50 ಜನ ಅಥವಾ ಹೆಚ್ಚು ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತ ಕಾನೂನಿದೆ. ನಿಮ್ಮಲ್ಲಿ ಕ್ರೆಶ್ ಎಲ್ಲಿದೆ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಒಬ್ಬ ಗಂಡಸು ಆ ಮೇಲ್ ಹಾಕಿದರೆ ಉತ್ತರ ಬೇಗ ಬರುತ್ತೆ, ನಮ್ಮ ಆಫೀಸುಗಳ ಹಣೆಬರಹ ಹಾಗಿದೆ.

ಸಮಾನತೆ ಬೇಕು ಅಂತೀರಿ, ತಿಂಗಳಿಗೊಂದು ಮುಟ್ಟಿನ ರಜೆನೂ ಬೇಕು ಅಂತೀರಿ. ಎರಡೂ ಹೇಗೆ?
– ಮಂಗಳೂರು

ಎರಡೂ ಹೀಗೆ: ಗಂಡಸರಿಗೆ ಮುಟ್ಟಾದರೆ ಅವರಿಗೂ ಕೊಡಲಿ, ನನ್ನ ವಿರೋಧ ಇಲ್ಲ.

ತಮಾಷೆ ಬಿಡಿ. ನಮ್ಮ ರಾಜ್ಯ ಸರ್ಕಾರ 2025ರ ಕೊನೆಯಲ್ಲಿ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳದ ರಜೆ ಅಂತ ಮಾಡಿತು, ಮಾಲೀಕರ ಸಂಘಗಳು ಹೈಕೋರ್ಟ್‌ಗೂ ಹೋದವು. ಬಿಹಾರದ ಸರ್ಕಾರಿ ನೌಕರರಿಗೆ 1992ರಿಂದಲೇ ತಿಂಗಳಿಗೆ ಎರಡು ದಿನ ಇದೆ. ಬಿಹಾರ ಮುಳುಗಿಲ್ಲ. ಸಂವಿಧಾನದ 15ನೇ ವಿಧಿಯೇ ಭೇದ ಮಾಡಬೇಡಿ ಅಂತ ಹೇಳಿ, ಅದರ ಕೆಳಗೇ ಹೆಂಗಸರಿಗೂ ಮಕ್ಕಳಿಗೂ ವಿಶೇಷ ಸೌಲಭ್ಯ ಮಾಡಬಹುದು ಅಂತಲೂ ಹೇಳುತ್ತೆ. ಬರೆದವರು ಯೋಚನೆ ಮಾಡಿಯೇ ಬರೆದಿದ್ದಾರೆ.

ನನಗೆ ಇರುವ ಅಳುಕು ಬೇರೆ. "ಹೆಂಗಸರನ್ನ ತಗೊಂಡರೆ ರಜೆ ಜಾಸ್ತಿ" ಅಂತ ಸಣ್ಣ ಮಾಲೀಕರು ಇಂಟರ್‌ವ್ಯೂನಲ್ಲೇ ಬಾಗಿಲು ಹಾಕಿಬಿಟ್ಟರೆ? ಅದನ್ನ ಕಾಯಬೇಕಾದ್ದು ಕಾರ್ಮಿಕ ಇಲಾಖೆ. ಅದಕ್ಕೆ ಹೆದರಿ ರಜೆಯೇ ಬೇಡ ಅನ್ನೋದು ಸರಿಯಲ್ಲ.

ಅಕ್ಕ, ನಾನು ಒಂದು ಸಣ್ಣ ಲ್ಯಾಬ್‌ನಲ್ಲಿ ರಿಸೆಪ್ಷನಿಸ್ಟ್. ಒಟ್ಟು ಆರು ಜನ. ಓನರ್ ರಾತ್ರಿ ಹೊತ್ತು ಕೆಟ್ಟದಾಗಿ ಮೆಸೇಜ್ ಹಾಕ್ತಾರೆ, ಬೆಳಿಗ್ಗೆ ಡಿಲೀಟ್ ಮಾಡ್ತಾರೆ. ಒಂದು ಸಲ ಕೈ ಹಿಡಿದರು. ದೊಡ್ಡ ಕಂಪನಿಗಳಲ್ಲಿ ಕಮಿಟಿ ಇರುತ್ತಂತೆ. ನಮ್ಮಂಥವರು ಯಾರಿಗೆ ಹೇಳೋದು? ಮನೆಯಲ್ಲಿ ಹೇಳಿದರೆ ಕೆಲಸ ಬಿಡಿಸ್ತಾರೆ.
– ದಾವಣಗೆರೆ

ನಿನ್ನ ಪತ್ರ ಓದಿ ಸಿಟ್ಟು ಬಂತು, ನಿನ್ನ ಮೇಲಲ್ಲ.

ಹತ್ತು ಜನ ಅಥವಾ ಹೆಚ್ಚು ಇರುವ ಕಡೆ ಒಳಗೇ ಸಮಿತಿ ಇರಬೇಕು, ನಿಜ. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಅದಕ್ಕೆ ಅಂತಲೇ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರಬೇಕು ಅಂತ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ಹೇಳುತ್ತೆ. ಮನೆಗೆಲಸದವರೂ ಅಲ್ಲೇ ದೂರು ಕೊಡಬಹುದು. ನಿನ್ನದು ಎರಡೂ ಲೆಕ್ಕದಲ್ಲಿ ಅಲ್ಲಿಗೇ ಹೋಗಬೇಕು. ಎಲ್ಲಿದೆ ಅಂತ ಕೇಳಬೇಕಾದ್ದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ. ಅಲ್ಲಿ ಕೂತವರಿಗೇ ಗೊತ್ತಿಲ್ಲದೆ ಆ ಟೇಬಲ್‌ನಿಂದ ಈ ಟೇಬಲ್‌ಗೆ ಓಡಿಸಬಹುದು. ಓಡಾಡು, ಬಿಡಬೇಡ. ಇಲ್ಲವಾದರೆ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಂತ ಬೋರ್ಡ್ ಇರುತ್ತೆ. ಹೆಂಗಸರಿಗೆ ಅಲ್ಲಿ ವಕೀಲರು ಪುಕ್ಕಟೆ, ಆದಾಯ ಎಷ್ಟು ಅಂತ ನೋಡಲ್ಲ.

ದಿನ ಮುಖ್ಯ. ಕೊನೆಯ ಘಟನೆ ಆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಆದರೆ ಅದನ್ನ ನಂಬಿಕೊಂಡು ಕೂರಬೇಡ. ಮೆಸೇಜ್ ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗಿ, ನಂಬರ್, ದಿನಾಂಕ, ಗಂಟೆ ಕಾಣಬೇಕು. ಅದನ್ನ ನಂಬಿಕೆಯ ಗೆಳತಿಗೆ ಆಗಲೇ ಕಳಿಸಿಬಿಡು, ನಾಳೆ ನಿನ್ನ ಫೋನ್ ಕೆಟ್ಟರೂ ಉಳಿಯುತ್ತೆ. ಕೈ ಹಿಡಿದ ದಿನ ಯಾವುದು, ಎಷ್ಟು ಹೊತ್ತಿಗೆ, ಯಾರು ಆಚೆ ಇದ್ದರು, ನೀನು ಏನಂದೆ, ಇವತ್ತೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ಸಾಕ್ಷಿ ಸಾಲಲಿಲ್ಲ ಅಂತ ಆದರೂ ಅಷ್ಟಕ್ಕೇ ಅದು ಸುಳ್ಳು ದೂರು ಆಗಲ್ಲ, ಕಾನೂನಲ್ಲೇ ಹಾಗೆ ಬರೆದಿದೆ. ನಿನ್ನ ಹೆಸರು ಹೊರಗೆ ಬಿಡೋ ಹಾಗಿಲ್ಲ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಆ ನಡುವೆ ಮೂರು ತಿಂಗಳವರೆಗೆ ರಜೆ ಕೊಡಿಸಿ ಅಂತ ನೀನು ಕೇಳಬಹುದು. ಪೊಲೀಸ್ ದಾರಿಯೂ ಇದೆ, ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಇದಕ್ಕೇ ಇರೋದು. ಎರಡರಲ್ಲಿ ಯಾವುದು ಅಂತ ವಕೀಲರ ಜೊತೆ ಕೂತು ತೀರ್ಮಾನ ಮಾಡು.

ಈ ಕಾನೂನು ಹುಟ್ಟಿದ್ದು ದೊಡ್ಡ ಕಂಪನಿಯ ಎಸಿ ರೂಮಿನಲ್ಲಲ್ಲ, ಇದನ್ನ ನಿನಗೆ ಹೇಳಲೇಬೇಕು. ರಾಜಸ್ಥಾನದ ಭಟೇರಿ ಅನ್ನೋ ಹಳ್ಳಿಯಲ್ಲಿ ಭಂವರಿ ದೇವಿ ಸರ್ಕಾರದ ಯೋಜನೆಯೊಂದರಲ್ಲಿ ಸಾಥಿನ್, ಅಂದರೆ ಹಳ್ಳಿ ಮಟ್ಟದ ಕಾರ್ಯಕರ್ತೆ, ಆಗಿ ದುಡಿಯುತ್ತಿದ್ದರು. ಬಾಲ್ಯವಿವಾಹ ತಡೆಯಲು ಹೋದರು ಅಂತ 1992ರಲ್ಲಿ ಅವರ ಮೇಲೆ ಅತ್ಯಾಚಾರ ನಡೆಯಿತು. ಅದರ ಬೆನ್ನಿಗೆ ಹೆಂಗಸರ ಸಂಘಟನೆಗಳು ಸುಪ್ರೀಂ ಕೋರ್ಟ್‌ಗೆ ಹೋಗಿದ್ದರಿಂದಲೇ 1997ರ ವಿಶಾಖಾ ತೀರ್ಪು ಬಂದದ್ದು. ಆ ತೀರ್ಪು ಕಾನೂನಾಗೋಕೆ ಇನ್ನೂ 16 ವರ್ಷ ಹಿಡಿಯಿತು. ನಿನ್ನಂಥವರಿಗೋಸ್ಕರವೇ ಬಂದ ಕಾನೂನು ಇದು, ಬಳಸಿಕೋ. ಮನೆಯಲ್ಲಿ ಅಮ್ಮನಿಗಾದರೂ ಹೇಳು. ಒಬ್ಬಳೇ ಹೊತ್ತುಕೊಂಡು ಓಡಾಡಬೇಡ. ಹೆಲ್ಪ್‌ಲೈನ್ 181.

ನಾನು ಬ್ಯಾಂಕಿನಲ್ಲಿ ಕ್ಲರ್ಕ್. ಬ್ಯಾಂಕ್ ನೌಕರರ ಜೆಎಐಐಬಿ ಪರೀಕ್ಷೆ ಮುಗಿಸಿದ್ದೀನಿ, ಆಫೀಸರ್ ಪ್ರಮೋಷನ್ ಪರೀಕ್ಷೆ ಬರೆದರೆ ಪಾಸಾಗ್ತೀನಿ ಅಂತ ನಂಬಿಕೆ ಇದೆ. ಆದರೆ ಆಫೀಸರ್ ಆದರೆ ಟ್ರಾನ್ಸ್‌ಫರ್ ಗ್ಯಾರಂಟಿ. ಮಗ ಆರನೇ ಕ್ಲಾಸು, ಅತ್ತೆಗೆ ಶುಗರ್. ನಮ್ಮವರು "ನಿನ್ನಿಷ್ಟ" ಅಂತಾರೆ. ಬಿಟ್ಟುಬಿಡಲಾ?
– ಶಿವಮೊಗ್ಗ

"ನಿನ್ನಿಷ್ಟ" ಅಂದರೆ ಏನರ್ಥ ಅಂತ ಮದುವೆಯಾದ ಹೆಂಗಸರಿಗೆಲ್ಲ ಗೊತ್ತು. ಹೋದರೆ ಹೋಗು, ಮನೆ ಹೇಗೆ ನಡೆಯುತ್ತೆ ಅಂತ ನೀನೇ ನೋಡ್ಕೋ ಅಂತ.

ನಿಮ್ಮ ಬ್ರಾಂಚ್‌ನಲ್ಲೇ ನೋಡಿ. ನಿಮ್ಮ ಜೊತೆ ಸೇರಿದ ಗಂಡಸರು ಎಷ್ಟು ಜನ ಮ್ಯಾನೇಜರ್ ಆಗಿದ್ದಾರೆ, ಹೆಂಗಸರು ಎಷ್ಟು ಜನ ಇನ್ನೂ ಕೌಂಟರ್‌ನಲ್ಲೇ ಇದ್ದಾರೆ? ಆ ಗಂಡಸರಿಗೂ ಮಕ್ಕಳಿದ್ದರು, ಅವರ ತಾಯಂದಿರಿಗೂ ಶುಗರ್ ಇತ್ತು. ಆ ಮನೆಗಳಲ್ಲಿ ನೋಡಿಕೊಳ್ಳೋಕೆ ಹೆಂಡತಿ ಇದ್ದಳು, ಅವರು ಸೂಟ್‌ಕೇಸ್ ಹಿಡಿದು ಹೊರಟರು. ಕೇಂದ್ರ ಸರ್ಕಾರ 2019ರಲ್ಲಿ ಜನ ದಿನದ ಹೊತ್ತನ್ನ ಹೇಗೆ ಕಳೀತಾರೆ ಅಂತ ಸಮೀಕ್ಷೆ ಮಾಡಿತ್ತು. ಸಂಬಳ ಇಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರದ್ದು ದಿನಕ್ಕೆ 299 ನಿಮಿಷ, ಗಂಡಸರದ್ದು 97. ಅದೂ ಮಾಡುವವರ ಲೆಕ್ಕ ಮಾತ್ರ, ಮಾಡದೇ ಇರುವ ಮಹಾರಾಯರು ಇದರಲ್ಲಿ ಇಲ್ಲವೇ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಪರೀಕ್ಷೆ ಬರೆಯಿರಿ. ಪಾಸಾಗೋದು ಬೇರೆ, ಹೋಗೋದು ಬೇರೆ. ಪಾಸಾದ ಮೇಲೆ ಮನೆಯವರನ್ನ ಕೂರಿಸಿಕೊಂಡು "ನಿನ್ನಿಷ್ಟ"ವನ್ನ ಕೆಲಸಗಳಾಗಿ ಒಡೆಯಿರಿ. ಅತ್ತೆಯ ಮಾತ್ರೆ, ತಿಂಗಳ ರಕ್ತಪರೀಕ್ಷೆ ಯಾರು, ಮಗನ ಟ್ಯೂಷನ್ ಯಾರು, ಬೆಳಿಗ್ಗೆ ತಿಂಡಿ ಯಾರು, ಅಡುಗೆಯವರನ್ನ ಇಟ್ಟುಕೊಂಡರೆ ಸಂಬಳ ಯಾರ ಖಾತೆಯಿಂದ. ಆರನೇ ಕ್ಲಾಸಿನ ಹುಡುಗನಿಗೆ ಅಕ್ಕಿ ತೊಳೆದು ಕುಕ್ಕರ್ ಇಡೋಕೆ ಬರಬೇಕು, ಬರದಿದ್ದರೆ ಈ ರಜೆಯಲ್ಲೇ ಕಲಿಸಿ. ಇಷ್ಟೆಲ್ಲ ಆದ ಮೇಲೂ ಬೇಡ ಅನಿಸಿದರೆ ಬಿಡಿ, ಕ್ಲರ್ಕ್ ಆಗಿ ಇರೋದು ಅವಮಾನ ಏನಲ್ಲ. ಪರೀಕ್ಷೆಯನ್ನೇ ಬರೆಯದೆ ಬಿಡೋದು ಮಾತ್ರ ಬೇಡ.

ಮದುವೆಯಾಗಲು ಸರ್ಕಾರದ ಅನುಮತಿ ಬೇಕು ಅಂತ ಹಿಂದೆ ಮಹಿಳಾ ಅಧಿಕಾರಿಗಳಿಗೆ ನಿಯಮ ಇತ್ತು ಅಂತ ನಮ್ಮ ಲೆಕ್ಚರರ್ ಹೇಳಿದರು. ನಿಜವಾ?
– ಪುತ್ತೂರು

ನಿಜ ಕಣಮ್ಮ. ಅದನ್ನ ಪ್ರಶ್ನೆ ಮಾಡಿದವರು ನಿಮ್ಮ ಪಕ್ಕದ ಕೊಡಗಿನವರೇ, ವಿರಾಜಪೇಟೆಯ ಸಿ.ಬಿ. ಮುತ್ತಮ್ಮ. ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು, 1949ರಲ್ಲಿ. ಮದುವೆಯಾಗೋ ಮುಂಚೆ ಬರವಣಿಗೆಯಲ್ಲಿ ಅನುಮತಿ ತಗೋಬೇಕು, ಆಮೇಲೆ ಸಂಸಾರದಿಂದ ಕೆಲಸಕ್ಕೆ ತೊಂದರೆ ಅಂತ ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೊಡಿಸಬಹುದು, ಹೀಗಿತ್ತು ನಿಯಮ. ಮದುವೆಯಾದವರಿಗೆ ಈ ಸೇವೆಗೆ ಸೇರುವ ಹಕ್ಕೇ ಇಲ್ಲ ಅಂತ ಇನ್ನೊಂದು. ಗಂಡಸರಿಗೆ ಇಂಥದ್ದೇನೂ ಇರಲಿಲ್ಲ.

ಮೂವತ್ತು ವರ್ಷ ದುಡಿದ ಮೇಲೂ ಬಡ್ತಿ ಕೊಡದೇ ಇದ್ದಾಗ ಮುತ್ತಮ್ಮ ಸುಪ್ರೀಂ ಕೋರ್ಟ್‌ಗೆ ಹೋದರು. ಕೇಸ್ ಹಾಕಿದ ಮೇಲೆ ಸರ್ಕಾರ ತಾನಾಗೇ ಬಡ್ತಿ ಕೊಟ್ಟುಬಿಟ್ಟಿತು! ಹಾಗಾಗಿ 1979ರಲ್ಲಿ ಕೋರ್ಟ್ ಅರ್ಜಿಯನ್ನೇನೋ ಮುಗಿಸಿತು, ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನ ಹಿಗ್ಗಾಮುಗ್ಗಾ ತರಾಟೆಗೆ ತಗೊಂಡರು. ಎರಡು ವರ್ಷದ ಮೇಲೆ ಏರ್ ಇಂಡಿಯಾ ಗಗನಸಖಿಯರ ಕೇಸು ಬಂತು. ಮೊದಲ ಸಲ ಬಸುರಿಯಾದರೆ ಕೆಲಸ ಬಿಡಬೇಕು ಅನ್ನೋ ನಿಯಮ ಅಲ್ಲಿತ್ತು, ಅದನ್ನೂ ಕೋರ್ಟ್ ಕಿತ್ತು ಹಾಕಿತು.

ಪೀಣ್ಯದ ತಂಗಿಯ ಪತ್ರ ಮೇಲಿದೆ, ಓದಿದಿರಲ್ವಾ? ನಿಯಮ ಪುಸ್ತಕದಿಂದ ಹೋಗಿದೆ, ಎಚ್‌ಆರ್ ಬಾಯಿಂದ ಇನ್ನೂ ಹೋಗಿಲ್ಲ.

ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ಆಮೇಲೆ ಸೇರಿದ ಸರ್‌ಗೆ ನನಗಿಂತ ಮೂರು ಸಾವಿರ ಜಾಸ್ತಿ. ಅದೇ ಕ್ಲಾಸು, ಅದೇ ಪೀರಿಯಡ್. ಕೇಳಿದರೆ "ಅವರಿಗೆ ಸಂಸಾರ ಇದೆಯಲ್ಲಮ್ಮ, ನಿಮಗೆ ಗಂಡ ದುಡೀತಾರೆ" ಅಂದರು ಕಾರ್ಯದರ್ಶಿ.
– ತುಮಕೂರು

ಸಂಬಳ ಕೊಡೋದು ಗಣಿತ ಕಲಿಸಿದ್ದಕ್ಕೆ, ಸಂಸಾರ ಮಾಡಿದ್ದಕ್ಕಲ್ಲ. ಸಮಾನ ಕೆಲಸಕ್ಕೆ ಸಮಾನ ಸಂಬಳ ಅನ್ನೋದು 1976ರಿಂದ ಕಾನೂನು, ಈಗ ಅದು ವೇತನ ಸಂಹಿತೆಯೊಳಗೆ ಸೇರಿದೆ. ಒಂದೇ ಥರದ ಕೆಲಸಕ್ಕೆ ಹೆಣ್ಣು ಅಂತ ಕಡಿಮೆ ಕೊಡೋ ಹಾಗಿಲ್ಲ. ಅದಕ್ಕೋಸ್ಕರ ಆ ಸರ್ ಸಂಬಳ ಇಳಿಸೋ ಹಾಗೂ ಇಲ್ಲ, ನಿಮ್ಮದನ್ನೇ ಏರಿಸಬೇಕು. ಡಿಗ್ರಿ, ಅನುಭವದಲ್ಲಿ ನಿಜವಾದ ವ್ಯತ್ಯಾಸ ಇದ್ದರೆ ಶಾಲೆಯವರು ಅದನ್ನ ಹೇಳಬಹುದು. ನೀವು ಬರೆದಿರುವ ಪ್ರಕಾರ ಅನುಭವ ನಿಮ್ಮದೇ ಜಾಸ್ತಿ.

ಆ ಸರ್ ಜೊತೆ ಜಗಳ ಬೇಡ, ಆಗೋದಾದರೆ ಅವರನ್ನೇ ಜೊತೆಗೆ ಹಾಕಿಕೊಳ್ಳಿ. ಕಾರ್ಯದರ್ಶಿ ಬಾಯಲ್ಲಿ ಹೇಳಿದ್ದನ್ನ ನಾಳೆ ಇಲ್ಲ ಅಂತಾರೆ. ಅದಕ್ಕೆ ಒಂದು ಇಮೇಲ್ ಹಾಕಿ: "ಇಂಥ ದಿನ ನಾನು ಸಂಬಳದ ವ್ಯತ್ಯಾಸದ ಬಗ್ಗೆ ಕೇಳಿದಾಗ ತಾವು ಹೀಗೆ ಹೇಳಿದಿರಿ, ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆಯೇ?" ತುಂಬಾ ಮರ್ಯಾದೆಯಾಗಿ ಬರೆಯಿರಿ. ಅದಕ್ಕೆ ಅವರು ಹೌದು ಅಂದರೂ ಕಷ್ಟ, ಸುಮ್ಮನಿದ್ದರೂ ಕಷ್ಟ. ಹದಿನೈದು ದಿನ ನೋಡಿ, ಏನೂ ಬರದಿದ್ದರೆ ಆ ಇಮೇಲ್ ಪ್ರಿಂಟ್, ನಿಮ್ಮ ನೇಮಕಾತಿ ಪತ್ರ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ತಗೊಂಡು ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಮಾರ್ಚ್ ಪರೀಕ್ಷೆಗೆ ಮುಂಚೆಯೇ ಹೋಗಿ, ಗಣಿತ ಮೇಡಂನ ಕಳೆದುಕೊಳ್ಳೋಕೆ ಯಾವ ಶಾಲೆಯೂ ತಯಾರಿರದ ಕಾಲ ಅದು.